ಬಂದನು, ಬಂದಳು, ಬಂದಿತು

ಆ ಮಾತು ಮೊದಲು ಆಡಿದವನು ನಾನೇ, ದತ್ತಾ. ಹುಡುಗರು ಯಾರೋ ಅಂದರು, ನಾನು ಕೇಳಿಯೂ ಸುಮ್ಮನಿದ್ದೆ, ಅಷ್ಟೇ ನನ್ನ ತಪ್ಪು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಅದು ಸುಳ್ಳು. ಹುಡುಗರು ಅದನ್ನು ಕಲಿತದ್ದು ನನ್ನಿಂದ — ಕನ್ನಡ ಮಾಸ್ತರನಿಂದ, ಪಾಠದ ಹೊತ್ತಿನಲ್ಲೇ.

ಅದಕ್ಕೆ ಕೆಲವೇ ದಿನ ಮೊದಲು, ಎಲ್ಲರೂ ಊಟಕ್ಕೆ ಹೋಗಿದ್ದಾಗ, ನೀನು ಬೋರ್ಡು ಒರೆಸುತ್ತಿದ್ದೆ. ನಿನಗೆ ಕನ್ನಡ ಯಾಕೆ ಇಷ್ಟು ಇಷ್ಟವೋ ಅಂತ ಕೇಳಿದೆ. ಹೊಗಳಿಸಿಕೊಳ್ಳುವ ಆಸೆ ನನಗೆ, ಬೇರೇನಿಲ್ಲ. ಮನೆಯಲ್ಲಿ ಕೊಂಕಣಿಯಲ್ಲಿ 'ಬಂದೆ' ಅನ್ನಬೇಕಾದರೂ ಗಂಡಾದರೆ 'ಆಯ್ಲೊ', ಹೆಣ್ಣಾದರೆ 'ಆಯ್ಲಿ' ಅನ್ನಬೇಕು, ನನ್ನ ಬಾಯಿಗೆ ಬರುವುದೊಂದು, ಅನ್ನಬೇಕಾದದ್ದು ಇನ್ನೊಂದು ಅಂದೆ ನೀನು. ಆಮೇಲೆ ಬಹಳ ಮೆಲ್ಲಗೆ —

"ಕನ್ನಡದಲ್ಲಿ 'ನಾನು ಬಂದೆ' ಅಂದ್ರೆ ಆಯ್ತಲ್ಲ ಸರ್. ಮತ್ತೆ ಯಾರೂ ಎಂತದೂ ಕೇಳೂದಿಲ್ಲ."

ನನಗೆ ಅರ್ಥವಾಗಿತ್ತು. ಪೂರ್ತಿ ಅಲ್ಲ — ಆದರೆ ಆಗಬೇಕಾದಷ್ಟು ಆಗಿತ್ತು. ಇಡೀ ಕಾರವಾರದಲ್ಲಿ ನೀನು ಉಸಿರು ಬಿಡುವ ಜಾಗ ನನ್ನ ಪೀರಿಯಡ್ಡು ಅಂತ ನೀನು ನನಗೇ ಹೇಳಿದ್ದೆ. ಎರಡು ವರ್ಷ ಅಂಕೋಲೆಯಿಂದ ಬಸ್ಸಿನಲ್ಲಿ ಓಡಾಡಿ ಪಾಠ ಮಾಡಿದ್ದಕ್ಕೆ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದು. ಏನು ಮಾಡಿದೆ ನಾನು ಅದನ್ನು?

ಆ ದಿನ ಲಿಂಗದ ಪಾಠ. ಮಧ್ಯಾಹ್ನದ ಸೆಕೆ, ಅರ್ಧ ತರಗತಿ ತೂಕಡಿಸುತ್ತಿತ್ತು. ನಗಿಸುವ ಮಾಸ್ತರ ಅಂತ ಹೆಸರು ಬೇರೆ ನನಗೆ. ಬೋರ್ಡಿನ ಮೇಲೆ ಮೂರು ರೂಪ ಬರೆದು ತಿರುಗಿದರೆ, ನೀನು ತಡವಾಗಿ ಬಂದು ಬಾಗಿಲಲ್ಲಿ ನಿಂತಿದ್ದೆ. ನಾನು ಹುಬ್ಬು ಏರಿಸಿ, ತರಗತಿಯ ಕಡೆ ನೋಡಿ, "ದತ್ತಾ ಬಂದನು" ಅಂದೆ. ಯಾರೋ ಕಿಸಕ್ಕೆಂದರು. "ದತ್ತಾ ಬಂದಳು" ಅಂದೆ. ನಗು ಏರಿತು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು —

"ನಪುಂಸಕಲಿಂಗ. ದತ್ತಾ ಬಂದಿತು."

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನೀನು ಗುಟ್ಟಾಗಿ ಕೊಟ್ಟದ್ದನ್ನೇ ತಿರುಗಿಸಿ ಹೊಡೆದಿದ್ದೇನೆ ಅಂತ ಅಲ್ಲಿ ಇಬ್ಬರಿಗೇ ಗೊತ್ತಿತ್ತು. ನೀನು ನನ್ನನ್ನು ನೋಡಿದೆ. ನಾನು ಹಾಜರಿ ಪುಸ್ತಕ ನೋಡಿದೆ.

ಮರುದಿನದಿಂದ ನೀನು ಎಲ್ಲಿ ಹೋದರೂ "ಬಂತು, ಬಂತು". ವರಾಂಡದಲ್ಲಿ, ನಲ್ಲಿಯ ಹತ್ತಿರ, ಗೇಟಿನಲ್ಲಿ. ತಪ್ಪು ನನ್ನದು, ಇನ್ನು ಯಾರೂ ಹೀಗೆ ಅನ್ನಕೂಡದು ಅಂತ ನಾನು ಎಲ್ಲರೆದುರು ಒಂದು ಮಾತು ಆಡಿದ್ದರೆ ಅದು ನಿಲ್ಲುತ್ತಿತ್ತು. ಮಾಸ್ತರರ ಮಾತಿಗೆ ಆಗ ಅಷ್ಟು ಬೆಲೆ ಇತ್ತು. ಆಡಲಿಲ್ಲ. ಹೇಡಿ ನಾನು.

ನೀನು ಶಾಲೆಗೆ ಬರುವುದು ನಿಲ್ಲಿಸಿದ ಮೇಲೆ ನಿನ್ನ ಆಯಿ ಬಂದರು, ಖಾಲಿ ಮೀನುಬುಟ್ಟಿ ಸೊಂಟಕ್ಕೆ ಆನಿಸಿಕೊಂಡು. "ಅದು ಊಟ ಮಾಡೂದಿಲ್ಲ ಮಾಸ್ತರ್ರೇ, ಗೋಡೆ ಬದಿಗೆ ತಿರಗಿ ಮಲಗ್ತದೆ. ಅದಕ್ಕೆ ಯಾರಾದ್ರೂ ಎಂತಾರೂ ಅಂದ್ರಾ?" ನಮ್ಮ ಕಡೆ ಹೆತ್ತ ಮಕ್ಕಳಿಗೆ ಮುದ್ದಿನಿಂದ 'ಅದು' ಅನ್ನುತ್ತಾರೆ. ನಾನು ಬೈಗುಳ ಮಾಡಿಟ್ಟ ರೂಪ ಅವರ ಬಾಯಲ್ಲಿ ಮುದ್ದಾಗಿಯೇ ಇತ್ತು. ನನಗೆ ತಲೆ ಎತ್ತಲಾಗಲಿಲ್ಲ. "ಯಾರೂ ಏನೂ ಅಂದಿಲ್ಲ" ಅಂದೆ. ವಯಸ್ಸೇ ಹಾಗೆ ಅಂತಲೂ ಸೇರಿಸಿದೆ. ಹತ್ತನೇ ತರಗತಿಗೆ ನೀನು ಬರಲಿಲ್ಲ.

ಕಾರವಾರದ ಮೀನುಪೇಟೆಯ ಕಡೆ ಆಮೇಲೆ ನಾನು ಕಾಲಿಟ್ಟಿರಲಿಲ್ಲ. ನಿವೃತ್ತನಾದ ಮೇಲೆ, ಹೋದ ವಾರ, ಹೋದೆ. ನಿನ್ನ ಆಯಿ ಅದೇ ಸಾಲಿನಲ್ಲಿ ಕೂತಿದ್ದರು. ಎಲ್ಲ ಹೇಳಿದೆ — ನಿಂತುಕೊಂಡೇ, ಗಿರಾಕಿಗಳ ಎದುರಿಗೇ. ಅವರು ಕತ್ತಿ ಕೆಳಗಿಟ್ಟರು.

"ಆವತ್ತು ಅದು ನಿಮ್ಮ ಹೆಸರೇ ಹೇಳಿತ್ತು. ನೀವು ಇಲ್ಲ ಅಂದ್ರಲ್ಲ. ಮಾಸ್ತರ್ರ ಮೇಲೆ ಸುಳ್ಳು ಹೇಳ್ತದೆ ಅಂತ ಮನೆಗೆ ಹೋಗಿ ಹೊಡ್ದಿದ್ದೆ ನಾನು."

ನಿನ್ನ ಫೋನ್ ನಂಬರು ಕೇಳಿದೆ. ನಿನ್ನನ್ನು ಕೇಳದೆ ಕೊಡುವುದಿಲ್ಲ ಅಂದರು. ಸರಿಯೇ — ಬೇಡ ಅಂತಲೇ ಹೇಳು. ಆದರೆ ಆವತ್ತು ಆಯಿಯ ಕೈಯಿಂದ ನಿನಗೆ ಬಿದ್ದ ಪೆಟ್ಟು ನನ್ನದು, ದತ್ತಾ. ಅವರದ್ದಲ್ಲ.