ಮನೆ ಕಡೆ ತಿರುಗಿದ ಬೋರ್ಡು

ಗೆಳೆಯರೇ, ಚುನಾವಣೆ ಮುಗಿಯಿತೆಂದು ಇವತ್ತು ಬೆಳಿಗ್ಗೆ ಮನ್ರೋ ಊರಿನ ನಮ್ಮ ಬೀದಿಯವರೆಲ್ಲ ಅಂಗಳದಲ್ಲಿ ನೆಟ್ಟಿದ್ದ ಪ್ರಚಾರದ ಬೋರ್ಡು ಕೀಳುತ್ತಿದ್ದೆವು. ಪಕ್ಕದ ಮನೆಯ ವಿಮಲಾ ಆಂಟಿ ಮಾತ್ರ ತಮ್ಮ ಬೋರ್ಡು ಮುಟ್ಟದೆ ನಿಂತಿದ್ದರು. ಅದು ಹೋದ ತಿಂಗಳು ತೀರಿಕೊಂಡ ಅವರ ಗಂಡ, ನಮ್ಮ ಅಂಕಲ್, ಕೈಯಾರೆ ಬರೆದು ನೆಟ್ಟ ಬೋರ್ಡು. ಅದರಲ್ಲಿ ಹೆಸರಿದ್ದವರು ಪ್ರೆಸಿಡೆಂಟ್ ಆಗಿ ಗೆದ್ದರೆ ಮನೆ ಟ್ಯಾಕ್ಸ್ ಇಳಿಯುತ್ತದೆ ಎಂದು ಅಂಕಲ್ ನಂಬಿದ್ದರು. ಗೆದ್ದೂ ಆಯಿತು.

"ನಿನ್ನೆ ರಸ್ತೆ ಕಡೆ ಮುಖ ಮಾಡಿತ್ತು ಕಣಪ್ಪ" ಎಂದರು ಆಂಟಿ. ಈಗ ಬೋರ್ಡು ಅವರ ಬಾಗಿಲನ್ನೇ ನೋಡುತ್ತಿತ್ತು.

"ಗಾಳಿ ಇರಬೇಕು ಆಂಟಿ."

"ಒಂದೆಲೆಯೂ ಅಲ್ಲಾಡಿಲ್ಲ. ಟ್ಯಾಕ್ಸ್ ಕಟ್ಟೋಕಾಗದೆ ಮನೆ ಮಾರ್ತಿದೀನಿ, ಇವತ್ತು ಏಜೆಂಟ್ ಬರ್ತಾನೆ ಅಂತ ನಮ್ಮನೆಯವರಿಗೆ ಯಾರು ಹೇಳಿದ್ರು?"

ನಾನೇ ಅದನ್ನು ರಸ್ತೆ ಕಡೆ ತಿರುಗಿಸಿ ಬಂದೆ. ಕಾಫಿ ಕುಡಿದು ನೋಡಿದರೆ ಮತ್ತೆ ಬಾಗಿಲ ಕಡೆ. ಆಂಟಿ ಏಜೆಂಟನಿಗೆ ಬರಬೇಡಿ ಎಂದುಬಿಟ್ಟರು.

ಮನೆ ಟ್ಯಾಕ್ಸ್ ಇರುವುದು ಟೌನ್‌ಶಿಪ್, ಅಂದರೆ ಊರಿನ ಆಡಳಿತದ ಕೈಯಲ್ಲಿ, ಪ್ರೆಸಿಡೆಂಟ್ ಕೈಯಲ್ಲಲ್ಲ. ಅಂಕಲ್‌ಗೆ ಅದನ್ನು ಯಾರಾದರೂ ಹೇಳಬೇಕು. ನಾನಂತೂ ಆ ಬೋರ್ಡಿನ ಹತ್ತಿರ ಹೋಗುವುದಿಲ್ಲ.