ಮಿರಜಿನ ಹತ್ತು ಮೀಟರು

ಸಾಂಗಲಿಯ ನಮ್ಮ ಕಾಲೊನಿಗೆ ಕ್ಯಾಮೆರಾ ಬಂದ ದಿನ ನಮ್ಮ ಮಾವನವರು ಪೇಡೆ ಹಂಚಿದ್ದರು. ಹೊಲವಿದ್ದಲ್ಲೆಲ್ಲ ಅಪಾರ್ಟ್‌ಮೆಂಟುಗಳೆದ್ದು, ಯಾರು ಯಾರ ಮನೆಯವರೆಂದು ತಿಳಿಯದಷ್ಟು ಊರು ಬೆಳೆದಿತ್ತು. ಎಲ್ಲರಿಗೂ ಕಳ್ಳರ ಭಯ. ಕಂಬಕ್ಕೆ ಕ್ಯಾಮೆರಾ ಹಾಕಿಸಿದವನು ನಮ್ಮ ವಾರ್ಡಿನ ನಗರಸೇವಕ, ಅಂದರೆ ಕಾರ್ಪೊರೇಟರು. ನಮ್ಮದೇ ಜೈನ ಸಮಾಜದವನು. ನಮ್ಮ ಹಾಗೆಯೇ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕ್ಯಾಮೆರಾದಲ್ಲಿ ಕಂಡದ್ದೆಲ್ಲ ಅವನ ಮೊಬೈಲಿನಲ್ಲೂ ಕಾಣುತ್ತದೆಂದು ನಮಗೆ ಗೊತ್ತಾದದ್ದು ಆಮೇಲೆ. ಅದು ನೋಡುತ್ತಿದ್ದದ್ದು ನೆಟ್ಟಗೆ ನಮ್ಮ ಗೇಟನ್ನು.

ಕಾಲೊನಿಯ ನಕ್ಷೆಯಲ್ಲಿ ಮಕ್ಕಳ ಬಾಗು, ಅಂದರೆ ಉದ್ಯಾನ, ಎಂದು ಬಿಟ್ಟ ಜಾಗವೊಂದಿತ್ತು. ಒಂದು ಮುಂಜಾನೆ ನಗರಸೇವಕನ ಜನ ಅಲ್ಲಿ ಅಂಗಡಿಗಳಿಗೆ ಪಾಯ ತೋಡತೊಡಗಿದರು. ನನ್ನ ಪಿತ್ತ ನೆತ್ತಿಗೇರಿತು. ಕಾಲೊನಿಯ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಸಾಲು ಬರೆದೆ: ಬಾಗು ಎಲ್ಲಿ ಹೋಯಿತು? ದಿನಾ ಗುಡ್ ಮಾರ್ನಿಂಗ್ ಹೂವು ಕಳಿಸುವ ಮಹನೀಯರು ಅಂದು ತುಟಿ ಬಿಚ್ಚಲಿಲ್ಲ. ಆದರೆ ಯಾರೋ ಆ ಸಾಲಿನ ಫೋಟೊ ತೆಗೆದು ಪೊಲೀಸ್ ಠಾಣೆಗೆ ಮುಟ್ಟಿಸಿದ್ದರು. ಸಾಹೇಬರು ಕರೆಸಿ, ಚಹಾ ಕುಡಿಸಿ, ಗ್ರೂಪಿನಲ್ಲಿ ಜನರನ್ನು ಕೆಣಕಬೇಡಿ ಎಂದು ಬುದ್ಧಿ ಹೇಳಿ ಕಳಿಸಿದರು. ಕಾರ್ಪೊರೇಶನ್ನಿಗೆ ಅರ್ಜಿ ಕೊಟ್ಟು ಬಂದರೆ, ನಾನು ಮನೆ ಮುಟ್ಟುವ ಮೊದಲೇ ಮಾವನವರಿಗೆ ಫೋನು ಬಂದಿರುತ್ತಿತ್ತು: ನಿಮ್ಮ ಸೊಸೆ ಅಲ್ಲಿಗೆ ಹೋಗಿದ್ದರಂತಲ್ಲ! ಅರಿಶಿನದ ಅಂಗಡಿ ಬಿಟ್ಟರೆ ಬೇರೆ ಜಗತ್ತೇ ಇಲ್ಲದ ನನ್ನ ಗಂಡ, “ನಿನಗ್ಯಾಕ ಬೇಕ ಈ ಉಸಾಬರಿ?” ಎಂದು ಊಟಕ್ಕೆ ಕೂತ.

ಚುನಾವಣೆಯ ಮೇಲೆ ಆಸೆ ಇಟ್ಟುಕೊಂಡಿದ್ದೆ. ಎರಡು ಪಕ್ಷದವರೂ ಟಿಕೆಟ್ಟು ಹಿಡಿದು ನಗರಸೇವಕನ ಬಾಗಿಲಲ್ಲೇ ನಿಂತರು. ಒಂದರಲ್ಲಿ ತಾನು, ಇನ್ನೊಂದರಲ್ಲಿ ತನ್ನ ಮನುಷ್ಯ; ಯಾವ ಗುರುತಿಗೆ ಒತ್ತಿದರೂ ಗೆಲ್ಲುವವನು ಅವನೇ ಆಗಿದ್ದ. ಅಂದಿನಿಂದ ನನಗೆ ಪೇಪರು ಓದುವುದೂ ಬೇಡವಾಯಿತು.

ಬಿ.ಪಿ. ಏರಿತು. ತೋರಿಸಲು ಮಿರಜಿಗೆ ಹೋದೆ; ನಮ್ಮ ಕಡೆ ಮೈಗೆ ಏನಾದರೂ ಮಿರಜಿಗೇ ಹೋಗುವುದು. ತಿರುಗಿ ಬರುವಾಗ ರೈಫಲ್ ಕಲಿಸುತ್ತೇವೆಂಬ ಬೋರ್ಡು ಕಂಡಿತು. ಸ್ಕೂಟಿ ತಾನಾಗಿಯೇ ನಿಂತಿತು ಎಂದು ಸುಳ್ಳು ಹೇಳುವುದಿಲ್ಲ, ನಾನೇ ನಿಲ್ಲಿಸಿದೆ. ಇರುವೆ ಕಂಡರೂ ದಾಟಿ ನಡೆಯುವ ಮನೆಯ ಸೊಸೆ ಬಂದೂಕು ಹಿಡಿಯುತ್ತಾಳೆಂದರೆ ಮಾವನವರು ಸುಮ್ಮನಿರುತ್ತಾರೆಯೇ?

“ಗುರಿಗೆ ಏನ್ ಇಡ್ತಾರವಾ? ಹಕ್ಕಿ ಚಿತ್ರ, ಮನಷ್ಯಾನ ಚಿತ್ರ ಏನರೆ?”

“ಇಲ್ರಿ ಮಾವಾರ. ಬರೇ ದುಂಡನ ಗೆರಿ ಇದ್ದ ಕಾಗದ.”

“ಹಂಗಾದ್ರ ಹೋಗು. ಚಿತ್ರದಾಗಿನ ಜೀವಕ್ಕೂ ಗುರಿ ಇಡಬಾರ್ದು.”

ಕಲಿಸುವವರು ಫೌಜಿನಿಂದ ನಿವೃತ್ತರಾಗಿ ಬಂದವರು. ಮೊದಲ ಕೆಲವು ವಾರ ಛರ್ರೆ ಗುಂಡನ್ನೇ ಮುಟ್ಟಗೊಡಲಿಲ್ಲ. ಎಡ ಮೊಣಕೈಯನ್ನು ಸೊಂಟದ ಎಲುಬಿಗೆ ಆನಿಸಿ, ಕೆನ್ನೆಯನ್ನು ರೈಫಲ್ಲಿನ ಕಟ್ಟಿಗೆಗೆ ಹಚ್ಚಿ ಸುಮ್ಮನೆ ನಿಲ್ಲಬೇಕು. ಅರ್ಧ ಉಸಿರು ಬಿಟ್ಟು ಉಳಿದದ್ದನ್ನು ಹಿಡಿಯಬೇಕು. ಕುದುರೆಯನ್ನು, ಅಂದರೆ ಟ್ರಿಗರನ್ನು, ಜಗ್ಗಬಾರದು, ಬೆರಳಿನಿಂದ ಮೆಲ್ಲಗೆ ಒತ್ತುತ್ತ ಹೋಗಬೇಕು. ಸಿಟ್ಟು ಬಂದಿದ್ದರೆ ಕೈ ನಡುಗಿ ಏಟು ಕಾಗದದ ಮೂಲೆಗೆ ಹೋಗುತ್ತಿತ್ತು. ಒಳಗೆ ಹೋಗುವ ಮುಂಚೆ ಮೊಬೈಲು ಬಂದ್ ಮಾಡಿ ಹೊರಗಿನ ಕಪಾಟಿನಲ್ಲಿಡುವುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಹತ್ತು ಮೀಟರಿನ ಆ ಷೆಡ್ಡಿನಲ್ಲಿ ನಾನು ನೋಡುತ್ತಿದ್ದೆ, ನನ್ನನ್ನು ಯಾರೂ ನೋಡುತ್ತಿರಲಿಲ್ಲ. ದಿನದ ಆ ಒಂದು ತಾಸು ಇಲ್ಲದಿದ್ದರೆ ನನಗೆ ತಲೆ ಕೆಡುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ಭಾದ್ರಪದದ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮೆ ಬೇಡುವ ದಿನ ಬರುತ್ತದೆ. ಒಬ್ಬರ ಮನೆಗೆ ಒಬ್ಬರು ಹೋಗಿ ಕೈಮುಗಿಯುತ್ತೇವೆ. ಯಾವುದಕ್ಕೆ ಎಂದು ಕೇಳುವ ರೂಢಿಯಿಲ್ಲ. ಬೇಡಿದವರಿಗೆ ಕೊಟ್ಟು, ತಾನೂ ತಿರುಗಿ ಬೇಡಬೇಕು. ಆ ವರ್ಷ ಬೆಳಿಗ್ಗೆ ನಗರಸೇವಕ ಹೆಂಡತಿಯ ಜೊತೆ ನಮ್ಮ ಮನೆಗೆ ಬಂದ. ನನ್ನೆದುರು ಬಗ್ಗಿ ಕೈಮುಗಿದ.

“ವೈನಿ, ತಿಳದೋ ತಿಳೀದನೋ ಏನರೆ ನೋವ ಮಾಡಿದ್ರ ಕ್ಷಮಾ ಮಾಡ್ರಿ.”

ಬಾಗಿನ ವಿಷಯಕ್ಕೆ ನಾಚಿದ್ದಾನೆ ಎಂದುಕೊಂಡೆ. ನನ್ನ ಕಣ್ಣು ತುಂಬಿತು. “ನಾನೂ ಏನರೆ ಕಠೋರ ಅಂದಿದ್ರ ಕ್ಷಮಾ ಮಾಡ್ರಿ. ನನ್ನ ಮನಸಿನ್ಯಾಗ ಏನೂ ಉಳದಿಲ್ರಿ,” ಎಂದೆ. ಬಾಯಿಮಾತಿಗೆ ಹೇಳಲಿಲ್ಲ, ಮನಸಾರೆ ಹೇಳಿದೆ. ಚಹಾ ಕುಡಿದು ಹೊರಡುವಾಗ ಅವನು, “ದಿನಾ ಮಿರಜಕ್ಕ ಹೊಂಟೀರಿ. ಗಾಡಿ ಸಾವಕಾಶ ಹೊಡೀರಿ, ರಸ್ತಾ ಛಲೋ ಇಲ್ಲ,” ಎಂದ. ಕಾಳಜಿಯಿಂದ ಹೇಳಿದನೆಂದೇ ತಿಳಿದೆ.

ಮರುದಿನ ಷೆಡ್ಡಿನ ಬಾಗಿಲಲ್ಲೇ ಫೌಜಿಯವರು ನನ್ನನ್ನು ತಡೆದರು. ನನ್ನ ಮುಖ ನೋಡಲಾರದೆ ಮರಾಠಿಯಲ್ಲಿ ಹೇಳಿದರು: ಹಿಂದಿನ ವಾರ ಪೊಲೀಸರು ಬಂದಿದ್ದರು. ನಗರಸೇವಕರ ಜೊತೆ ಜಗಳವಿರುವ ಹೆಂಗಸು ಗುರಿ ಹೊಡೆಯಲು ಕಲಿಯುತ್ತಿದ್ದಾಳೆ, ಅವರ ಜೀವಕ್ಕೆ ಅಪಾಯ ಎಂದು ದೂರು ಬಂದಿದೆ. ದೂರಿನ ಜೊತೆ ನನ್ನ ಸ್ಕೂಟಿಯ ಫೋಟೊಗಳಿದ್ದವು, ನಮ್ಮ ಗೇಟಿನಿಂದ ಹಿಡಿದು ಮಿರಜಿನ ಚೌಕದವರೆಗೆ. ಹಬ್ಬದ ದಿನಗಳಲ್ಲಿ ನಿಮ್ಮನ್ನು ನೋಯಿಸಬಾರದೆಂದು ಸುಮ್ಮನಿದ್ದೆ, ಇನ್ನು ನೀವು ಬಂದರೆ ನನ್ನ ಷೆಡ್ಡು ಮುಚ್ಚಿಸುತ್ತಾರೆ ತಾಯಿ, ಎಂದರು.

ಸೀದಾ ಮನೆಗೆ ಬಂದು ಮಾವನವರಿಗೆ ಎಲ್ಲ ಹೇಳಿದೆ. “ಈಗ ಅಂವನ ಮನಿಗೆ ಹೋಗಿ ನಾಕು ಮಂದಿ ಮುಂದ ಕೇಳ್ತೇನ್ರಿ,” ಎಂದು ಚಪ್ಪಲಿ ಮೆಟ್ಟಿದೆ.

“ಏನಂತ ಕೇಳ್ತೀಯವಾ?” ಎಂದರು. “ಅಂವ ಎಲ್ಲಾ ಮಾಡಿ ಆದಮ್ಯಾಲೆ ಬಂದು ಬೇಡ್ಯಾನ. ನೀ ಕೊಟ್ಟಿ. ಕೊಟ್ಟದ್ದು ತಿರಗಿ ಇಸಗೊಳ್ಳಾಕ ಬರಂಗಿಲ್ಲ.”

ಅವರ ಮೇಲೆ ರೇಗಬೇಕೆಂದುಕೊಂಡೆ, ಆಗಲಿಲ್ಲ. ನಾನೂ ಅದನ್ನು ನಂಬಿಯೇ ಬೆಳೆದವಳು. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೆ. ಬಾಗನ್ನು ಅವನು ತೆಗೆದುಕೊಂಡಿದ್ದ, ಮಿರಜಿನ ತಾಸನ್ನೂ ತೆಗೆದುಕೊಂಡ. ನನ್ನದೆಂದು ಸಿಟ್ಟೊಂದಾದರೂ ಉಳಿಯಬಹುದಿತ್ತು. ಅದನ್ನು ನಾನೇ ಕೈಮುಗಿದು ಅವನಿಗೆ ಕೊಟ್ಟುಬಿಟ್ಟಿದ್ದೆ.