ಆರಿಸು ಎಂದದ್ದು ನಾನೇ

೧೯೫೫ರಲ್ಲಿ ನಾನು ಚಾಮರಾಜನಗರದಲ್ಲಿ ನಾಟಕದ ಮೇಷ್ಟ್ರಾಗಿದ್ದೆ. ಈಗಿನವರು ನಿರ್ದೇಶಕ ಅನ್ನುತ್ತಾರೆ. ಆಗ ಆ ಪದ ಸಿನಿಮಾದವರದ್ದು. ಮೈಸೂರಿನಲ್ಲಿ ನಾನಿದ್ದ ನಾಟಕ ಕಂಪನಿ ಮುಚ್ಚಿದ ಮೇಲೆ ರೈಲು ಹತ್ತಿ ಬಂದು, ಅಂಗಡಿ ಬೀದಿಯ ಹಿಂದೆ ಒಂದು ಕೋಣೆ ಹಿಡಿದು, ಊರವರಿಗೆ ನಾಟಕ ಕಲಿಸುವುದನ್ನೇ ಕಸುಬು ಮಾಡಿಕೊಂಡೆ. ಹಾರ್ಮೋನಿಯಂ ನುಡಿಸಿ ಹಾಡು ಹೇಳಿಕೊಡುವುದು, ಓದು ಬಾರದವರಿಗೆ ಮಾತು ಬಾಯಿಪಾಠ ಮಾಡಿಸುವುದು, ಪರದೆ, ಗಡ್ಡ, ಮೀಸೆಗಳನ್ನು ಮೈಸೂರಿನಿಂದ ತರಿಸುವುದು, ನಾಟಕದ ದಿನ ರಂಗದ ಪಕ್ಕದ ಮರೆಯಲ್ಲಿ, ಅಂದರೆ ವಿಂಗಿನಲ್ಲಿ, ನಿಂತು ಎಲ್ಲರನ್ನೂ ಗದರಿಸುವುದು, ಇಷ್ಟೂ ನನ್ನ ಕೆಲಸ. ಕೊನೆಯದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು.

ಆ ಸೀಮೆಯ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹೋಗು ಅನ್ನುವುದು ಓಗು, ಹಾಲು ಅನ್ನುವುದು ಆಲು. ಕಂಪನಿಯ ಶುದ್ಧ ಮಾತಿನಲ್ಲಿ ಬೆಳೆದ ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಒಬ್ಬೊಬ್ಬರಿಗೂ ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಹ ಅಂದಾಗ ಉಸಿರು ಕೈಗೆ ತಾಗುವವರೆಗೆ ಬಿಡುತ್ತಿರಲಿಲ್ಲ. ಅತಿ ಹುಷಾರಾಗಿ ಮಾತಾಡಲು ಹೋದವರು ಅರಮನೆಯನ್ನು ಹರಮನೆ ಮಾಡುತ್ತಿದ್ದರು. ಆಗ ನಾನು ಎಲ್ಲರ ಮುಂದೆ ನಗುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ವರ್ಷ ಹಿಡಿದದ್ದು ನಾನೇ ಬರೆದ ಸಂಗೀತ ನಾಟಕ. ಹದಿನಾಲ್ಕು ಹಾಡು, ಮೂರು ಅಂಕ. ಜಮೀನ್ದಾರನ ಮುಖ್ಯ ಪಾತ್ರವನ್ನು ಮೊದಲು ಮಾದಯ್ಯನಿಗೆ ಕೊಟ್ಟಿದ್ದೆ. ಅವನು ಗುಂಡ್ಲುಪೇಟೆಯ ಆಚೆ ಕಾಡಂಚಿನ ಹಳ್ಳಿಯ ರೈತ. ನಾಟಕದ ಹುಚ್ಚಿಗೆ ವಾರಕ್ಕೆರಡು ಸಲ ಬಸ್ಸು ಹತ್ತಿ ಬರುತ್ತಿದ್ದ. ಕಂಠ ತುಂಬ ಚೆನ್ನಾಗಿತ್ತು, ಹಕಾರ ಮಾತ್ರ ಒಲಿಯಲಿಲ್ಲ. ತಿಂಗಳು ನೋಡಿ ಪಾತ್ರವನ್ನು ಕಿತ್ತು ಹರದನಹಳ್ಳಿಯ ಬಸಪ್ಪನಿಗೆ ಕೊಟ್ಟೆ. ಬಸಪ್ಪ ಅರಿಶಿನದ ವ್ಯಾಪಾರಿ, ಮೂವತ್ತು ದಾಟದ ಚೆಲುವ. ಊರಿನ ಮಾತು ಅವನದೂ ಅದೇ, ಆದರೆ ರಂಗಕ್ಕೆ ಬಂದರೆ ಹೇಳಿಕೊಟ್ಟ ಹಾಗೆ ನಾಲಿಗೆ ತಿರುಗಿಸುತ್ತಿದ್ದ.

ಮಾದಯ್ಯನ ಮುಖ ಸಣ್ಣದಾಯಿತು. ಆದರೂ ಬಿಟ್ಟು ಹೋಗಲಿಲ್ಲ. "ಏನಾರ ಒಂದ್ ಕೆಲ್ಸ ಕೊಡಿ ಮೇಷ್ಟ್ರೇ, ಪರ್ದೆ ಇಂದುಗಡೆನೇ ಇರ್ತೀನಿ" ಅಂದ. ಬೆಳೆ ಕಾಯಲು ಅವನ ಮನೆಯಲ್ಲಿ ಲೈಸೆನ್ಸಿನ ಕೋವಿ ಇತ್ತು. ಮೂರನೆಯ ಅಂಕದ ಕೊನೆಗೆ ಜಮೀನ್ದಾರನಿಗೆ ಮರೆಯಿಂದ ಗುಂಡು ಬೀಳಬೇಕು. ಆ ಸದ್ದು ಮಾಡುವ ಕೆಲಸವನ್ನು ಅವನಿಗೆ ವಹಿಸಿದೆ.

ಯಾವ ಕೆಲಸ ಯಾವಾಗ ಆಗಬೇಕು ಎಂದು ತಿಳಿಸುವ ಸೂಚನೆಗೆ ನಾಟಕದವರು ಕ್ಯೂ ಅನ್ನುತ್ತಾರೆ. ಹಾಡು ಮುಗಿದ ಮೇಲೆ ನಾನು ಈ ಕಡೆಯ ವಿಂಗಿನಿಂದ 'ಹಾರಿಸು' ಅನ್ನಬೇಕು; ಆ ಕಡೆಯ ವಿಂಗಿನಲ್ಲಿ ಮಾದಯ್ಯ ಕೋವಿಯ ಮೂತಿಯನ್ನು ಸೂರಿನ ಕಡೆಗೆತ್ತಿ ಹಾರಿಸಬೇಕು; ಬಸಪ್ಪ ಬೀಳಬೇಕು. ದಿನದ ರಿಹರ್ಸಲ್ಲುಗಳಲ್ಲಿ ಕೋವಿಯ ಬದಲು ಹಲಗೆಯನ್ನು ನೆಲಕ್ಕೆ ಬಡಿಯುತ್ತಿದ್ದ. ಎರಡು ಸಲ ಬಸಪ್ಪ ಬಿದ್ದು ಎಷ್ಟೋ ಹೊತ್ತಿನ ಮೇಲೆ ಸದ್ದು ಬಂತು. ಎಲ್ಲರೂ ನಕ್ಕರು. ನನಗೆ ತಡೆಯಲಾಗಲಿಲ್ಲ. "ನಾನು ಅಂದ ತಕ್ಷಣ ಆಗಬೇಕು. ಅತ್ತ ಇತ್ತ ನೋಡುವುದು, ಯೋಚಿಸುವುದು ನಿನ್ನ ಕೆಲಸವಲ್ಲ" ಎಂದು ಅವನಿಗೆ ಬೈದೆ. ಅವನು ತಲೆಯಾಡಿಸಿದ.

ನಾಟಕಕ್ಕೆ ನಾಲ್ಕು ದಿನ ಇರುವಾಗ, ಒಂದು ಭಾನುವಾರ ಮಧ್ಯಾಹ್ನ, ಗ್ರ್ಯಾಂಡ್ ರಿಹರ್ಸಲ್ ಇಟ್ಟುಕೊಂಡೆವು. ವೇಷ, ಬೆಳಕು, ಸದ್ದು ಎಲ್ಲವನ್ನೂ ನಾಟಕದ ದಿನದಂತೆಯೇ ಮಾಡಿ ನೋಡುವುದಕ್ಕೆ ಆ ಹೆಸರು. ಬಸಪ್ಪನ ಪರಿಚಯದವರ ಅರಿಶಿನದ ಗೋದಾಮೊಂದು ಸಿಕ್ಕಿತ್ತು. ಬಾಗಿಲು ಕಿಟಕಿ ಮುಚ್ಚಿ ಕತ್ತಲೆ ಮಾಡಿ, ಪಂಪು ಹೊಡೆದು ಉರಿಸುವ ಸೀಮೆಎಣ್ಣೆಯ ಗ್ಯಾಸ್‌ಲೈಟುಗಳನ್ನು ಎರಡೂ ಕಡೆ ತೂಗುಹಾಕಿದೆವು. ಮಾದಯ್ಯ ಅಂದು ಮೊದಲ ಸಲ ಕೋವಿ ತಂದಿದ್ದ. ನಾನೇ ಮುಂದೆ ನಿಂತು ತುಂಬಿಸಿದೆ. ಗುಂಡಿಲ್ಲ, ಚರೆಯಿಲ್ಲ, ಬರೀ ಮದ್ದು, ಅದರ ಮೇಲೆ ಒತ್ತಿ ಗಿಡಿದ ತೆಂಗಿನ ನಾರು. ಇಷ್ಟರಿಂದ ಸದ್ದಲ್ಲದೆ ಬೇರೇನೂ ಆಗದು ಎಂದು ನಂಬಿದ್ದೆ.

ಕೊನೆಯ ಹಾಡಿನಲ್ಲಿ ಇನ್ನೆರಡು ಸಾಲು ಉಳಿದಿತ್ತು. ಮಾದಯ್ಯನ ಪಕ್ಕದ ಗ್ಯಾಸ್‌ಲೈಟು ಇದ್ದಕ್ಕಿದ್ದಂತೆ ಭಗ್ಗೆಂದಿತು. ಎಣ್ಣೆ ಉಕ್ಕಿ ಉರಿ ಪರದೆಯ ಅಂಚಿಗೆ ನೆಗೆಯಿತು. ಗೋಡೆಯ ಉದ್ದಕ್ಕೂ ಒಣಗಿದ ಗೋಣಿಚೀಲದ ರಾಶಿ, ಒಳಗೆ ಇಪ್ಪತ್ತು ಜನ, ಬಾಗಿಲು ಒಂದೇ. "ಆರಿಸು, ಆರಿಸು" ಎಂದು ಇದ್ದಷ್ಟೂ ಗಂಟಲಿನಿಂದ ಕೂಗಿದೆ.

ಬಸಪ್ಪ ಅಷ್ಟರಲ್ಲಿ ಹಾಡು ಬಿಟ್ಟು ದೀಪದ ಕಡೆಗೆ ಓಡಿದ್ದ. ಅವನು ಕೈ ಚಾಚುವುದಕ್ಕೂ ಕೋವಿ ಸಿಡಿಯುವುದಕ್ಕೂ ಸರಿಹೋಯಿತು. ಓರೆಯಾಗಿ ಮೇಲೆತ್ತಿದ್ದ ಕೋವಿಯ ಮೂತಿಗೂ ಅವನ ಮುಖಕ್ಕೂ ಎರಡು ಮೊಳ ಅಂತರವಿರಲಿಲ್ಲ. ಯಾರೋ ಗೋಣಿ ಎಸೆದು ಬೆಂಕಿ ತಣ್ಣಗೆ ಮಾಡಿದರು, ಯಾರೋ ಬಾಗಿಲು ತೆಗೆದರು. ಬೆಳಕಿನಲ್ಲಿ ನೋಡಿದರೆ ಬಸಪ್ಪ ಬಲಗಣ್ಣನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಕೂತಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವನ ಹತ್ತಿರ ಹೋಗಲು ನನಗೆ ಆಗಲಿಲ್ಲ.

ಹೋದದ್ದು ಮಾದಯ್ಯನ ಹತ್ತಿರ. ಅವನ ಅಂಗಿ ಹಿಡಿದು, "ಹಾರಿಸು ಅಂತ ನಿನಗೆ ಯಾರು ಹೇಳಿದರು?" ಎಂದೆ.

"ನೀವೇ ಅಂದ್ರಲ್ಲಾ ಮೇಷ್ಟ್ರೇ. ಎರಡ್ ಸಲ ಅಂದ್ರಿ."

"ಬಾಯಿಗೆ ಬಂದ ಸುಳ್ಳು ಹೇಳಬೇಡ. ಪಾತ್ರ ಹೋದ ಸೇಡು ತೀರಿಸಿಕೊಂಡೆಯಾ?"

ಮಾದಯ್ಯ ಸುತ್ತ ನಿಂತವರ ಮುಖವನ್ನೆಲ್ಲ ನೋಡಿದ. ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರ ಮೌನ ನನ್ನ ಮಾತಿಗೆ ಒಪ್ಪಿಗೆ ಎಂದುಕೊಂಡೆ.

ಬಸಪ್ಪನನ್ನು ಜಟಕಾದಲ್ಲಿ ಆಸ್ಪತ್ರೆಗೆ ಒಯ್ದೆವು. ಪೊಲೀಸರು ಬಂದು ಮಾದಯ್ಯನನ್ನೂ ಕೋವಿಯನ್ನೂ ಠಾಣೆಗೆ ಕರೆದೊಯ್ದರು. ಸಬ್ ಇನ್‌ಸ್ಪೆಕ್ಟರು ನನ್ನನ್ನು ಬದಿಗೆ ಕರೆದು, "ಬೇಕೆಂದೇ ಹಾರಿಸಿದ ಅಂತಾದರೆ ವರ್ಷಗಟ್ಟಲೆ ಜೈಲು. ಎಲ್ಲ ನಿಮ್ಮ ಹೇಳಿಕೆಯ ಮೇಲಿದೆ, ಸರಿಯಾಗಿ ಬರೆಸಿ" ಅಂದರು. ಆಸ್ಪತ್ರೆಯ ಜಗಲಿಯಲ್ಲಿ ಪಕ್ಕದ ಚಂದಕವಾಡಿ ಕಡೆಯ ಒಬ್ಬ ಕಾನ್‌ಸ್ಟೇಬಲ್ ಬರೆದುಕೊಳ್ಳಲು ಕೂತ. ನಾನು ಒಂದೊಂದೇ ವಾಕ್ಯ ಹೇಳುತ್ತಾ ಹೋದೆ. ಮನಸ್ಸಿನಲ್ಲಿ ಅನುಮಾನವಿರಲಿಲ್ಲ. ಬರೆದದ್ದನ್ನು ಅವನು ಓದಿ ಹೇಳುವಾಗ ಅಕ್ಷರದ ಮೇಲೆ ಅಕ್ಷರ ಇಟ್ಟಂತೆ ನಿಧಾನವಾಗಿ ಓದಿದ: "ಬೆಂಕಿ ಕಂಡ ಕೂಡಲೇ ನಾನು 'ಹಾರಿಸು, ಹಾರಿಸು' ಎಂದು ಕೂಗಿದೆನು."

"ಹಾಗಲ್ಲಪ್ಪ. ನಾನು ಹೇಳಿದ್ದು ಆರಿಸು."

"ಅದೇ ಬರ್ದಿವ್ನಿ ಸಾ. ಆರ್ಸು ಅನ್ನಾದ್ನ ಬರೆಯೋವಾಗ ಹ ಆಕಿ ಬರೀಬೇಕು ಅಂತ ಇಸ್ಕೂಲಲ್ಲಿ ಏಳ್ಕೊಟ್ಟವ್ರೆ."

"ಹಾಗಾದರೆ ದೀಪವನ್ನು ನೀವು ಏನು ಮಾಡು ಅಂತೀರಿ?" ಎಂದು ಕೇಳಿದೆ.

"ಕೆಡ್ಸು ಅಂತೀವಿ. ದೀಪಾವ ಯಾರಾರಾ ಆರ್ಸಾರಾ ಸಾ?"

ನಮ್ಮ ನಾಟಕಕ್ಕೆ ತಬಲ ನುಡಿಸುತ್ತಿದ್ದ ಪುಟ್ಟಸ್ವಾಮಿ ಅಲ್ಲೇ ಕಂಬಕ್ಕೆ ಒರಗಿದ್ದ, ಅವನನ್ನು ಕರೆದೆ. ಗೋದಾಮಿನಲ್ಲಿ ನಿನಗೇನು ಕೇಳಿಸಿತು ಎಂದೆ. ಅವನು ನೆಲ ನೋಡುತ್ತಾ, "ನೀವು ಕೋವಿ ಆರ್ಸು ಅಂದಂಗೇ ಕೇಳ್ಸ್ತು. ಎಲ್ರುಗೂ ಅಂಗೇ ಕೇಳ್ಸ್ತು" ಅಂದ.

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ಮೇಷ್ಟ್ರು ಸುಳ್ಳೇಳ್ತಾವ್ರೆ ಅಂತ ಎಂಗ್ ಏಳದು ಸ್ವಾಮಿ?"

ಮೂರು ತಿಂಗಳು ಅವರ ನಾಲಿಗೆ ತಿದ್ದಿದ್ದೆ. ಅವರ ಕಿವಿಗೆ ನನ್ನ ಮಾತು ಹೇಗೆ ಬೀಳುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಕಾನ್‌ಸ್ಟೇಬಲ್ಲನಿಂದ ಹೊಸ ಹಾಳೆ ಬರೆಸಿದೆ: ನಾನು ಅಂದದ್ದು ಆರಿಸು, ಇಲ್ಲಿಯವರ ಮಾತಿನಲ್ಲಿ ಅದು ಹಾರಿಸು, ಮಾದಯ್ಯ ಪಾಲಿಸಿದ್ದು ನನ್ನ ಆಜ್ಞೆಯನ್ನು. ಸಬ್ ಇನ್‌ಸ್ಪೆಕ್ಟರು ಕೋಲಾರದ ಕಡೆಯವರು, ಮೊದಲು ನಂಬಲಿಲ್ಲ. ತಮ್ಮ ಸಿಬ್ಬಂದಿಯನ್ನೇ ಒಬ್ಬೊಬ್ಬರಾಗಿ ಕರೆದು 'ಆರಿಸು' ಅಂದರೇನು ಎಂದು ಕೇಳಿದರು. ಐವರಲ್ಲಿ ನಾಲ್ವರು ತೋಳೆತ್ತಿ ಕೋವಿ ಹಿಡಿದಂತೆ ಮಾಡಿ ತೋರಿಸಿದರು. ಮರುದಿನ ಬೆಳಿಗ್ಗೆ ಮಾದಯ್ಯನನ್ನು ಬಿಟ್ಟರು. ನಾನು ಠಾಣೆಯ ಬಾಗಿಲಲ್ಲಿ ಕೈ ಮುಗಿದೆ. ಅವನು ಅತ್ತ ಮುಖ ತಿರುಗಿಸಿ ಗುಂಡ್ಲುಪೇಟೆಯ ಬಸ್ಸು ಹತ್ತಿದ. ಮತ್ತೆ ಯಾವ ನಾಟಕಕ್ಕೂ ಅವನು ಬರಲಿಲ್ಲ ಎಂದು ಆಮೇಲೆ ತಿಳಿಯಿತು.

ಬಸಪ್ಪನನ್ನು ಮೈಸೂರಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದರು. ಮೂರನೆಯ ದಿನ ರೈಲಿನಲ್ಲಿ ಹೋದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ನನ್ನ ದನಿ ಗುರುತು ಹಿಡಿದು ಎದ್ದು ಕೂತ. ಆಮೇಲೆ ಕೇಳಿದ: "ನನ್ ಮ್ಯಾಲೆ ನಿಮ್ಗೆ ಏನ್ ಕ್ವಾಪ ಇತ್ತು ಮೇಷ್ಟ್ರೇ?"

ಅವನಿಗೂ ಹಾಗೆಯೇ ಕೇಳಿಸಿತ್ತು. ನಾನು ಅವನನ್ನು ಹೊಡೆಸಿದೆ ಎಂದುಕೊಂಡೇ ಅವನು ಮೂರು ದಿನ ಆ ಮಂಚದ ಮೇಲೆ ಮಲಗಿದ್ದ. ಅದನ್ನು ಕೇಳಿ ಆದ ಆಘಾತ ಕೋವಿಯ ಸದ್ದಿಗೂ ಆಗಿರಲಿಲ್ಲ. ಅಳುತ್ತಲೇ ಎಲ್ಲವನ್ನೂ ಬಿಡಿಸಿ ಹೇಳಿದೆ: ದೀಪ, ನನ್ನ ಮಾತು, ಕಾನ್‌ಸ್ಟೇಬಲ್ ಓದಿದ್ದು. ಅವನು ಪೂರ್ತಿ ಕೇಳಿಸಿಕೊಂಡ.

"ಅಂಗಾರೆ ಮಾದಯ್ಯಂದೂ ತಪ್ಪಿಲ್ಲ, ನಿಮ್ದೂ ತಪ್ಪಿಲ್ಲ ಅನ್ನಿ" ಅಂದ. "ಕಣ್ ಮಾತ್ರ ನಂದು."

ಬಲಗಣ್ಣು ಬರಲಿಲ್ಲ. ಆ ನಾಟಕ ರಂಗ ಹತ್ತಲಿಲ್ಲ. ಬೇರೆ ಕೆಲಸ ಗೊತ್ತಿಲ್ಲದ ನಾನು ಒಂದು ವರ್ಷ ಸುಮ್ಮನಿದ್ದು ಮತ್ತೆ ಅದೇ ಕಸುಬಿಗೆ ಮರಳಿದೆ. ಆಮೇಲೆ ಯಾವ ಊರಿಗೆ ಹೋದರೂ ಮೊದಲ ದಿನ ಹಾಡು ಹೇಳಿಕೊಡಲಿಲ್ಲ. ಜನರನ್ನು ಕೂರಿಸಿಕೊಂಡು ದೀಪಕ್ಕೆ, ಹಗ್ಗಕ್ಕೆ, ಬೆಂಕಿಗೆ, ಓಡುವುದಕ್ಕೆ, ನಿಲ್ಲುವುದಕ್ಕೆ ನೀವು ಏನಂತೀರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ನಿರ್ದೇಶಕನ ಮಾತಿನ ಅರ್ಥ ಅವನ ಬಾಯಲ್ಲಿ ತೀರ್ಮಾನವಾಗುವುದಿಲ್ಲ, ಕೇಳುವವನ ಕಿವಿಯಲ್ಲಿ ಆಗುತ್ತದೆ. ನನ್ನ ಕಸುಬಿನ ಈ ಮೊದಲ ಪಾಠವನ್ನು ನಾನು ನಲವತ್ತನೆಯ ವಯಸ್ಸಿನಲ್ಲಿ ಕಲಿತೆ, ಬಸಪ್ಪನ ಕಣ್ಣು ಕಳೆದು.